ಪುಟದ ಸಂಖ್ಯೆ ಇಲ್ಲದ ಪುಸ್ತಕ

ಜಗಳೂರು
12-11-1976

ಪೂಜ್ಯ ಮೇಷ್ಟ್ರಾದ ಕಲ್ಲೇಶಪ್ಪನವರಿಗೆ ಭೀಮಕ್ಕನ ನಮಸ್ಕಾರಗಳು.

ನಾನು ಯಾರೆಂದು ತಮಗೆ ತಿಳಿಯದು. ನನ್ನ ತಮ್ಮ ಓಬಣ್ಣ ಬಸ್ಸಿನ ಕಂಡಕ್ಟರು. ಅವನು ನ್ಯಾಮತಿಯ ಒಬ್ಬ ಹುಡುಗನಿಂದ ಎಸ್ಸೆಸ್ಸೆಲ್ಸಿಯ ವಿಜ್ಞಾನ ಪುಸ್ತಕವನ್ನು ಅರ್ಧ ಬೆಲೆಗೆ ತಂದುಕೊಟ್ಟಿದ್ದಾನೆ. ಹಳೆಯ ಪುಸ್ತಕವಾದರೂ ಹೊಸ ರಟ್ಟು, ಬೆನ್ನಿಗೆ ಕೆಂಪು ಬಟ್ಟೆ. ಹಿಂದಿನ ರಟ್ಟಿನ ಒಳಗೆ ತಮ್ಮ ಹೆಸರು, ಚನ್ನಗಿರಿಯ ವಿಳಾಸ ಇರುವ ಚೀಟಿ ಅಂಟಿಸಿದೆ. ಅದರ ಎದುರಿನ ಖಾಲಿ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಪ್ರಶ್ನೆಗಳಿವೆ. ‘ಕಬ್ಬಿಣಕ್ಕೆ ತುಕ್ಕು ಹಿಡಿದರೆ ತೂಕ ಹೆಚ್ಚುತ್ತದೋ ಕಡಿಮೆಯಾಗುತ್ತದೋ? ಮೊದಲು ನೀನು ಹೇಳು, ಆಮೇಲೆ ಓದು.’ ‘ಮೀನಿಗೆ ಬಾಯಾರಿಕೆ ಆಗುತ್ತದೆಯೆ?’ ಮೇಷ್ಟ್ರಲ್ಲದೆ ಇನ್ನು ಯಾರು ಹೀಗೆ ಕೇಳುತ್ತಾರೆ ಎಂದು ಧೈರ್ಯ ಮಾಡಿ ಈ ಕಾಗದ ಬರೆಯುತ್ತಿದ್ದೇನೆ.

ನನ್ನ ಕಷ್ಟ ಇಷ್ಟೇ. ಬೆಳಿಗ್ಗೆ ಓದಿದ್ದು ಸಂಜೆಗೆ ಇರುವುದಿಲ್ಲ. ಓದುವಾಗ ಎಲ್ಲ ತಿಳಿದ ಹಾಗೆಯೇ ಇರುತ್ತದೆ, ಪುಸ್ತಕ ಕೆಳಗಿಟ್ಟರೆ ತಲೆಯಲ್ಲಿ ಏನೂ ಇಲ್ಲ. ಏಪ್ರಿಲ್‌ನಲ್ಲಿ ಪರೀಕ್ಷೆ. ಉಳಿದ ವಿಷಯಗಳನ್ನು ಹೇಗೋ ದಾಟುತ್ತೇನೆ, ವಿಜ್ಞಾನದ್ದೇ ಹೆದರಿಕೆ. ಓದಿದ್ದು ಉಳಿಯುವುದಕ್ಕೆ ಏನು ಮಾಡಬೇಕೆಂದು ತಾವು ತಿಳಿಸಿದರೆ ತಮ್ಮ ಉಪಕಾರ ಮರೆಯುವುದಿಲ್ಲ.

ತಮ್ಮ ವಿಧೇಯಳು,
ಭೀಮಕ್ಕ


ಚನ್ನಗಿರಿ
20-11-1976

ಚಿ. ಭೀಮಕ್ಕನಿಗೆ ಆಶೀರ್ವಾದಗಳು.

ಇಪ್ಪತ್ತೆರಡು ವರ್ಷದಿಂದ ಪುಸ್ತಕಗಳಿಗೆ ಆ ಚೀಟಿ ಅಂಟಿಸುತ್ತಿದ್ದೇನೆ. ಅದನ್ನು ನೋಡಿ ಕಾಗದ ಬರೆದವಳು ನೀನೊಬ್ಬಳೇ. ನನ್ನ ಹೆಂಡತಿ ಶಂಕ್ರಮ್ಮನಿಗೂ ಓದಿ ಹೇಳಿದೆ. “ನಿಮಗ್ಯಾಕ್ರೀ ಈ ಉಸಾಬರಿ, ನಿಮ್ಮ ಕೆಲಸ ನೋಡ್ಕಳ್ರಿ” ಅಂದಳು. ಅವಳ ಮಾತು ಕೇಳುವವನಾಗಿದ್ದರೆ ನಾನು ಯಾವತ್ತೋ ಉದ್ಧಾರವಾಗುತ್ತಿದ್ದೆ. ನಿನಗೆ ಅಜ್ಜಿಯ ಹೆಸರಿಟ್ಟಿದ್ದಾರೆ ಅಂತ ಕಾಣುತ್ತದೆ, ಹೆಸರು ಗಟ್ಟಿಯಾಗಿದೆ.

ಮಗು, ಪುಸ್ತಕ ಕಣ್ಣೆದುರಿಗೆ ಇರುವ ತನಕ ಎಲ್ಲರಿಗೂ ಎಲ್ಲವೂ ತಿಳಿದಿರುತ್ತದೆ. ಮುಚ್ಚಿದ ಮೇಲೆ ಎಷ್ಟು ಹೇಳಬಲ್ಲೆಯೋ ಅಷ್ಟೇ ನಿನ್ನದು. ಅದಕ್ಕೆ ಒಂದು ಪುಟ ಓದಿ ಪುಸ್ತಕ ಮುಚ್ಚಿಡು. ತಾಯಿ ರೊಟ್ಟಿ ತಟ್ಟುತ್ತಿದ್ದರೆ ಎದುರಿಗೆ ಕೂತು ನಿನ್ನ ಮಾತಿನಲ್ಲೇ ಹೇಳು, ಪುಸ್ತಕದ ಮಾತಿನಲ್ಲಲ್ಲ. ಎಲ್ಲಿ ತಡವರಿಸಿದೆಯೋ ಅಲ್ಲಿಗೆ ಮಾತ್ರ ಹಿಂದಿರುಗಿ ಹೋಗು. ಇನ್ನೊಂದು ಅಭ್ಯಾಸ ನನ್ನದೇ. ಹಾಳೆ ತಿರುಗಿಸುವ ಮುಂಚೆ ಆಚೆ ಬದಿಯಲ್ಲಿ ಏನಿರಬಹುದು ಎಂದು ಊಹೆ ಮಾಡುತ್ತೇನೆ. ಹತ್ತರಲ್ಲಿ ಏಳು ಸಲ ತಪ್ಪಾಗುತ್ತದೆ. ಆ ತಪ್ಪಾದ ಏಳು ಇವತ್ತಿಗೂ ನೆನಪಿವೆ, ಸರಿಯಾದ ಮೂರು ಮರೆತುಹೋಗಿವೆ. ಓದಿದ್ದನ್ನು ಒಂದು ವಾರ ಬಿಟ್ಟು ಮತ್ತೆ ಕೇಳಿಕೋ. ಸ್ವಲ್ಪ ಮರೆತಿರಬೇಕು, ತಡಕಾಡಿ ತೆಗೆಯಬೇಕು, ಆಗ ಅದು ಗಟ್ಟಿಯಾಗುತ್ತದೆ.

ಮೀನಿನ ಪ್ರಶ್ನೆಗೆ ಉತ್ತರ ನನಗೂ ಸಿಕ್ಕಿಲ್ಲ. ಹೆದರಬೇಡ. ಇನ್ನೂ ಚಿಕ್ಕವಳು, ಈ ಸಲ ಆಗದಿದ್ದರೆ ಮುಂದಿನ ವರ್ಷ ಇದ್ದೇ ಇದೆ. ಕಲಿತದ್ದನ್ನು ಆಗಾಗ ನನಗೆ ಬರೆದು ಕಳಿಸು, ನೋಡುತ್ತೇನೆ.

ಇತಿ ಆಶೀರ್ವಾದಗಳು,
ಕಲ್ಲೇಶಪ್ಪ


ಜಗಳೂರು
9-1-1977

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ತಮ್ಮ ಕಾಗದವನ್ನು ಪುಸ್ತಕದಲ್ಲೇ ಇಟ್ಟುಕೊಂಡಿದ್ದೇನೆ. ಇಷ್ಟು ಓದಿದವರು ‘ನನಗೂ ಉತ್ತರ ಸಿಕ್ಕಿಲ್ಲ’ ಎಂದು ಬರೆದದ್ದನ್ನು ನಾನು ಎಲ್ಲೂ ಕಂಡಿಲ್ಲ. ನಮ್ಮೂರಲ್ಲಿ ನಾಲ್ಕಕ್ಷರ ಬಂದವರು ಗೊತ್ತಿಲ್ಲ ಅನ್ನುವುದೇ ಇಲ್ಲ. ತಮ್ಮ ಶಿಷ್ಯರು ಪುಣ್ಯವಂತರು.

ತಾವು ಹೇಳಿದಂತೆಯೇ ಮಾಡುತ್ತಿದ್ದೇನೆ. ಕೇಳುವವರಿಗೆ ಇಲ್ಲಿ ಕಡಿಮೆಯಿಲ್ಲ, ಹೆಂಗಸರು ದಿನವಿಡೀ ಮಲಗಿಯೇ ಇರುತ್ತಾರೆ. ಈ ಕೆಳಗಿನದು ಪುಸ್ತಕ ಮುಚ್ಚಿಟ್ಟು ಬರೆದದ್ದು. ತಿದ್ದಬೇಕು.

‘ದೇಹದ ಎಲ್ಲ ಭಾಗಗಳಿಂದ ಬಂದ ಅಶುದ್ಧ ರಕ್ತವು ಬಲ ಹೃತ್ಕರ್ಣವನ್ನು ಸೇರಿ, ಬಲ ಹೃತ್ಕುಕ್ಷಿಗೆ ಇಳಿದು, ಅಲ್ಲಿಂದ ಶ್ವಾಸಕೋಶಗಳಿಗೆ ಹೋಗುತ್ತದೆ. ಶುದ್ಧವಾದ ರಕ್ತವು ಎಡ ಹೃತ್ಕರ್ಣಕ್ಕೆ ಬರುತ್ತದೆ. ಅಲ್ಲಿಂದ ರಕ್ತವು ಮರಳು ಮಣ್ಣಿಗಿಂತ ಜೇಡಿಮಣ್ಣಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಆದ್ದರಿಂದ ಜೇಡಿಮಣ್ಣು ಬೇಗ ಒಣಗುವುದಿಲ್ಲ.’

ಇನ್ನೂ ಒಂದೂವರೆ ಪುಟ ಬರುತ್ತದೆ, ಕಾಗದದಲ್ಲಿ ಜಾಗವಿಲ್ಲ.

ತಮ್ಮ ಶಿಷ್ಯಳು,
ಭೀಮಕ್ಕ


ಚನ್ನಗಿರಿ
24-1-1977

ಚಿ. ಭೀಮಕ್ಕನಿಗೆ ಆಶೀರ್ವಾದಗಳು.

ನಿನ್ನ ಕಾಗದ ಓದಿ ನಾನೂ ಶಂಕ್ರಮ್ಮನೂ ಬಿದ್ದು ಬಿದ್ದು ನಕ್ಕೆವು. ಕೋಪ ಮಾಡಿಕೊಳ್ಳಬೇಡ. ಎಡ ಹೃತ್ಕರ್ಣದ ತನಕ ನೆಟ್ಟಗೆ ಬಂದ ರಕ್ತ ಆಮೇಲೆ ದಾರಿ ತಪ್ಪಿ ಜಗಳೂರಿನ ಹೊಲಕ್ಕೆ ಇಳಿದುಬಿಟ್ಟಿದೆ. ತೂಕಡಿಸುತ್ತಾ ಬರೆದೆಯೋ ಏನೋ. ಎರಡು ಪಾಠ ಒಟ್ಟಿಗೆ ಓದಿದರೆ ಹೀಗೆ ಕಲಸಿಕೊಳ್ಳುತ್ತದೆ. ಬೇಗ ಮಲಗು, ಅಮ್ಮನಿಗೆ ಹೇಳಿ ಒಂದು ಲೋಟ ಹಾಲು ಇಸಿದುಕೊಂಡು ಕುಡಿ, ಸಂಜೆ ಗೆಳತಿಯರ ಜೊತೆ ಸ್ವಲ್ಪ ಆಡಿಕೋ.

ಆದರೆ ಒಂದು ಮಾತು. ನಿನ್ನ ಅಕ್ಷರ ಮತ್ತು ಶ್ರದ್ಧೆ ಎರಡೂ ನನಗೆ ಬಹಳ ಹಿಡಿಸಿದವು. ನನ್ನ ಕಾಗದವನ್ನು ಪುಸ್ತಕದಲ್ಲಿ ಇಟ್ಟುಕೊಂಡಿದ್ದೇನೆ ಎಂದು ಬರೆದಿದ್ದೆಯಲ್ಲ, ಅವತ್ತೆಲ್ಲ ನಾನು ಸುಮ್ಮಸುಮ್ಮನೆ ಖುಷಿಯಾಗಿದ್ದೆ.

ಕಲ್ಲೇಶಪ್ಪ


ಜಗಳೂರು
2-3-1977

ಪೂಜ್ಯ ಮೇಷ್ಟ್ರಿಗೆ,

ಕಾರ್ಡಿನಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ನಾನು ತೂಕಡಿಸಲಿಲ್ಲ. ಪುಸ್ತಕ ತೆಗೆದು ನೋಡಿದೆ, ನಾನು ಬರೆದದ್ದಕ್ಕೂ ಅದಕ್ಕೂ ಒಂದಕ್ಷರ ವ್ಯತ್ಯಾಸವಿಲ್ಲ. ಮಣ್ಣಿನ ಪಾಠದಲ್ಲಿ ‘ಮಳೆಯ ನೀರು ಕವಾಟದ ಮೂಲಕ ಎಡ ಹೃತ್ಕುಕ್ಷಿಗೆ ಇಳಿಯುತ್ತದೆ’ ಎಂದೂ ಇದೆ. ಅದೂ ನನಗೆ ಬಾಯಿಗೆ ಬರುತ್ತದೆ. ತಾವು ಓದಿದವರು, ತಮ್ಮ ಪುಸ್ತಕ ಬೇರೆ ಇರಬಹುದು. ಪರೀಕ್ಷೆಗೆ ಇನ್ನು ಒಂದು ತಿಂಗಳು. ಯಾವುದು ಸರಿ ಎಂದು ದಯವಿಟ್ಟು ಕೂಡಲೇ ತಿಳಿಸಿರಿ.

ಭೀಮಕ್ಕ


ಜಗಳೂರು
11-6-1977

ಮೇಷ್ಟ್ರಿಗೆ ನಮಸ್ಕಾರಗಳು.

ಫಲಿತಾಂಶ ಬಂತು. ಉಳಿದ ಎಲ್ಲ ವಿಷಯಗಳಲ್ಲೂ ಪಾಸು. ವಿಜ್ಞಾನದಲ್ಲಿ ಇಪ್ಪತ್ತನಾಲ್ಕು. ಇನ್ನು ಹನ್ನೊಂದು ಬಂದಿದ್ದರೆ ಆಗುತ್ತಿತ್ತು. ರಕ್ತ ಪರಿಚಲನೆಯ ಮೇಲೆ ಹತ್ತು ಅಂಕದ ಪ್ರಶ್ನೆ, ಮಣ್ಣಿನ ಮೇಲೆ ಎಂಟು ಅಂಕದ್ದು ಕೇಳಿದ್ದರು. ಎರಡನ್ನೂ ಒಂದು ಅಲ್ಪವಿರಾಮ ಬಿಡದೆ ಬರೆದು ಬಂದಿದ್ದೆ.

ನನ್ನ ಕಾರ್ಡಿಗೆ ತಾವು ಉತ್ತರ ಬರೆಯಲಿಲ್ಲ. ಮಾರ್ಚ್ ತಿಂಗಳೆಲ್ಲ ಅಂಚೆಯವನ ದಾರಿ ನೋಡಿದೆ. ತಮಗೆ ಆರೋಗ್ಯ ಸರಿಯಿಲ್ಲವೇನೋ ಎಂದು ಚಿಂತೆಯಾಗಿದೆ. ನನ್ನ ಪ್ರಶ್ನೆ ಅಧಿಕಪ್ರಸಂಗ ಎನ್ನಿಸಿದ್ದರೆ ಮನ್ನಿಸಬೇಕು.

ಭೀಮಕ್ಕ


ಚನ್ನಗಿರಿ
19-6-1977

ಭೀಮಕ್ಕ,

ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ. ಆಗಿದ್ದರೆ ಇಷ್ಟು ನಾಚಿಕೆ ಇರುತ್ತಿರಲಿಲ್ಲ.

ನಾನು ಮೇಷ್ಟ್ರಲ್ಲ. ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವವನು, ಬುಕ್ ಬೈಂಡರ್. ಓದಿದ್ದು ನಾಲ್ಕನೇ ಕ್ಲಾಸು. ಆ ಚೀಟಿ ಅಂಗಡಿಯ ಚೀಟಿ. ಪೆನ್ಸಿಲಿನ ಪ್ರಶ್ನೆಗಳು ಕೆಲಸದ ನಡುವೆ ನನಗೆ ನಾನೇ ಕೇಳಿಕೊಂಡವು. ನೀನು ಮೇಷ್ಟ್ರೆ ಅಂದೆ. ಯಾರೂ ಅಂದಿರಲಿಲ್ಲ, ಸುಮ್ಮನಿದ್ದುಬಿಟ್ಟೆ.

ಪುಸ್ತಕ ಅಂದರೆ ಹದಿನಾರು ಹದಿನಾರು ಪುಟದ ಮಡಿಕೆಗಳು. ಒಂದೊಂದು ಮಡಿಕೆಗೆ ನಾವು ಫಾರಂ ಅನ್ನುತ್ತೇವೆ. ಅವನ್ನು ವರಸೆಯಾಗಿ ಜೋಡಿಸಿ ಹೊಲಿಯುವುದು ನನ್ನ ಕಸುಬು. ನಿನ್ನ ಕಾರ್ಡು ಬಂದ ದಿನ ಇಲ್ಲಿಯ ಹುಡುಗಿಯೊಬ್ಬಳ ಪುಸ್ತಕ ಇಸಿದುಕೊಂಡು ನೋಡಿದೆ. ನ್ಯಾಮತಿಯ ಹುಡುಗ ತಂದಿದ್ದ ಪ್ರತಿ ನೆನಪಾಯಿತು. ಅದರ ಕೆಳಗಿನ ಅಂಚನ್ನು ಇಲಿ ತಿಂದಿತ್ತು. ಚೆಂದ ಕಾಣಲಿ ಎಂದು ಕತ್ತರಿಸಿದ್ದೆ, ಪುಟದ ಸಂಖ್ಯೆಗಳೆಲ್ಲ ಅದರ ಜೊತೆಗೇ ಹೋಗಿದ್ದವು. ಆಮೇಲೆ ಐದನೆಯ ಫಾರಂ ಇರಬೇಕಾದ ಕಡೆ ಎಂಟನೆಯದನ್ನು ಹೊಲಿದಿದ್ದೇನೆ, ಎಂಟರ ಕಡೆ ಐದನ್ನು. ನಿನ್ನ ರಕ್ತವನ್ನು ಹೊಲಕ್ಕೆ ಬಿಟ್ಟವನು ನಾನು. ಬಿಟ್ಟದ್ದಲ್ಲದೆ ನಕ್ಕೆ.

ಇದು ಕೈತಪ್ಪು, ಯಾರಿಂದಲಾದರೂ ಆಗುತ್ತದೆ ಅನ್ನೋಣ. ಮುಂದಿನದು ಕೈತಪ್ಪಲ್ಲ. ಇದನ್ನೆಲ್ಲ ಅವತ್ತೇ ಕಾಗದದಲ್ಲಿ ಬರೆದೆ. ಬರೆದು ಅಂಗಡಿಯ ಗೂಡಿನಲ್ಲಿ ಇಟ್ಟೆ, ನಾಳೆ ಹಾಕೋಣ ಎಂದು. ಹಾಕಿದರೆ ನಾನು ಯಾರೆಂದು ನಿನಗೆ ಗೊತ್ತಾಗುತ್ತಿತ್ತು. ಹೇಗೂ ಚಿಕ್ಕ ಹುಡುಗಿ, ಒಂದು ವರ್ಷ ಹೋದರೆ ಏನು ಮಹಾ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ಏಪ್ರಿಲ್ ಬಂತು. ಶಂಕ್ರಮ್ಮ ಮೊನ್ನೆ ಗೂಡು ಗುಡಿಸುವಾಗ ಆ ಕಾಗದ ನೋಡಿ ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ.

ಪುಸ್ತಕ ಕಳಿಸು, ಸರಿಮಾಡಿ ಕೊಡುತ್ತೇನೆ. ಕ್ಷಮಿಸು ಎಂದು ಕೇಳುವ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಕಲ್ಲೇಶಪ್ಪ


ಜಗಳೂರು
30-9-1977

ಕಲ್ಲೇಶಪ್ಪನವರಿಗೆ,

ನಾನು ಚಿಕ್ಕ ಹುಡುಗಿಯಲ್ಲ. ನನಗೆ ಇಪ್ಪತ್ತೊಂಬತ್ತು. ಗಂಡನ ಮನೆ ಬಿಟ್ಟು ಬಂದು ಎಂಟು ವರ್ಷವಾಯಿತು. ಹಾಲು ಕೊಡುವ ಅಮ್ಮ ತೀರಿಹೋಗಿದ್ದಾಳೆ. ಇಲ್ಲಿಯ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಬಟ್ಟೆ ತೊಳೆಯುವ ಆಯಾ ನಾನು. ನೀವು ಮಗು ಎಂದು ಬರೆದಾಗ ತಿದ್ದಬೇಕಾಗಿತ್ತು. ಈ ವಯಸ್ಸಿಗೆ ಎಸ್ಸೆಸ್ಸೆಲ್ಸಿಯೇ ಎಂದು ನಗುತ್ತೀರಿ ಎಂದು ತಿದ್ದಲಿಲ್ಲ. ಮಗು ಎಂದು ಕರೆಸಿಕೊಂಡು ಬಹಳ ವರ್ಷವಾಗಿತ್ತು, ಅದೂ ನಿಜ.

ಹೋದ ವರ್ಷ ಸಿಸ್ಟರ್ ಉಚ್ಚಂಗಮ್ಮನವರು ರಜೆಯಲ್ಲಿದ್ದಾಗ ತಿಪ್ಪಮ್ಮ ಎಂಬ ಕುರಿಗಾಹಿಯ ಹೆಂಡತಿಗೆ ನೋವು ಬಂತು. ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಕೂಸಿನ ಕುತ್ತಿಗೆಗೆ ಹೊಕ್ಕುಳ ಬಳ್ಳಿ ಸುತ್ತಿತ್ತು. ನೋಡಿ ನೋಡಿ ಗೊತ್ತಿದ್ದದ್ದರಿಂದ ಬಿಡಿಸಿದೆ, ಕೂಸು ಉಳಿಯಿತು. ಡಾಕ್ಟರು ಬಂದು, “ನಿನ್ನ ಕೈ ಚೆನ್ನಾಗೈತೆ ಭೀಮಕ್ಕ. ಆದ್ರೆ ತರಬೇತಿ ಇಲ್ದೋರ ಕೈಗೆ ನಾನು ಕತ್ತರಿ ಕೊಡಾಕೆ ಬರಲ್ಲ” ಅಂದರು. ದಾದಿಯರ ತರಬೇತಿಗೆ ಎಸ್ಸೆಸ್ಸೆಲ್ಸಿ ಆಗಿರಬೇಕಂತೆ, ಮೂವತ್ತು ತುಂಬಿರಬಾರದಂತೆ. ನನಗೆ ಬರುವ ಆಗಸ್ಟಿಗೆ ಮೂವತ್ತು. ‘ಒಂದು ವರ್ಷ ಹೋದರೆ ಏನು ಮಹಾ’ ಎಂದಿರಲ್ಲ, ಇದು ಮಹಾ.

ನಿಮ್ಮ ಕಾಗದ ಓದಿ ಪುಸ್ತಕವನ್ನು ಅಟ್ಟಕ್ಕೆ ಎಸೆದೆ. ಅಕ್ಟೋಬರ್ ಪರೀಕ್ಷೆಗೆ ಫೀಸು ಕಟ್ಟುವ ದಿನವೂ ದಾಟಿಹೋಯಿತು. ಆ ತಪ್ಪು ನಿಮ್ಮ ತಲೆಗೆ ಕಟ್ಟುವುದಿಲ್ಲ, ಅದು ನನ್ನ ಕೋಪದ್ದು.

ಮೂರು ತಿಂಗಳು ನಿಮ್ಮನ್ನು ಬೈದೆ. ಬೈದು ಬೈದು ಸಾಕಾದ ಮೇಲೆ ಇನ್ನೊಂದು ಹೊಳೆಯಿತು. ಸಾವಿರ ಹೆರಿಗೆಯ ರಕ್ತ ತೊಳೆದ ಕೈ ನನ್ನದು. ಅದು ಎಷ್ಟು ಬೇಗ ಹೆಪ್ಪಾಗುತ್ತದೆ, ಯಾವ ನೀರಿಗೆ ಬಿಡುತ್ತದೆ ಎಲ್ಲ ಗೊತ್ತು. ಅಂಥವಳು ರಕ್ತ ಜೇಡಿಮಣ್ಣಿನಲ್ಲಿ ನಿಲ್ಲುತ್ತದೆ ಎಂದು ನಲವತ್ತು ಸಲ ಬಾಯಲ್ಲಿ ಹೇಳಿದೆನಲ್ಲ, ಒಂದು ಸಲವೂ ನನ್ನ ಕಿವಿಗೇ ಬೀಳಲಿಲ್ಲ. ನೀವು ಹೇಳಿದ ಹಾಗೆ ಮಾಡುತ್ತಿದ್ದೇನೆ ಎಂದು ಬರೆದದ್ದು ಸುಳ್ಳು. ಯಾರಿಗೂ ಹೇಳಲಿಲ್ಲ, ನಾಚಿಕೆಯಾಯಿತು. ಬರೀ ಉರು ಹೊಡೆದೆ. ವಾರ್ಡಿನಲ್ಲಿ ಒಬ್ಬಳಿಗೆ ಹೇಳಿದ್ದರೂ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿರುತ್ತಿದ್ದಳು, ನಾನು ಉಳಿದುಕೊಳ್ಳುತ್ತಿದ್ದೆ.

ಪುಸ್ತಕವನ್ನು ಓಬಣ್ಣನ ಕೈಯಲ್ಲಿ ಕಳಿಸಿದ್ದೇನೆ. ಏಪ್ರಿಲ್ ಒಂದೇ ಉಳಿದಿದೆ. ಈ ಸಲ ಸರಿಯಾಗಿ ಹೊಲಿಯಿರಿ.

ಭೀಮಕ್ಕ


ಚನ್ನಗಿರಿ
18-10-1977

ಶ್ರೀಮತಿ ಭೀಮಕ್ಕನವರಿಗೆ ಕಲ್ಲೇಶಪ್ಪನ ನಮಸ್ಕಾರಗಳು.

ಹಾಲು ಕುಡಿಯಲು ಹೇಳಿದ್ದಕ್ಕೂ ಆಟಕ್ಕೆ ಕಳಿಸಿದ್ದಕ್ಕೂ ಕ್ಷಮಿಸಿರಿ. ಶಂಕ್ರಮ್ಮ ನಿಮ್ಮ ಕಾಗದ ಕೇಳಿ, “ಆ ಯಮ್ಮಂಗೆ ಏನಾದ್ರೂ ಮಾಡಿಕೊಡ್ರಿ, ಇಲ್ಲಾಂದ್ರೆ ನಿಮ್ಮ ಕೈಗೆ ಅನ್ನ ಇಕ್ಕಲ್ಲ” ಅಂದಿದ್ದಾಳೆ.

ಓಬಣ್ಣನ ಕೈಯಲ್ಲಿ ಒಂದು ಗಂಟು ಕಳಿಸುತ್ತಿದ್ದೇನೆ. ಬಿಚ್ಚಿದಾಗ ನನಗೆ ಬೈಯುತ್ತೀರಿ, ಬೈದು ಮುಗಿಸಿ ಮುಂದಕ್ಕೆ ಓದಿರಿ. ಅದು ನಿಮ್ಮ ಪುಸ್ತಕವೇ. ನಾನು ಹೊಲಿದಿಲ್ಲ. ಹೊಲಿಗೆ ಬಿಚ್ಚಿ ನೂರ ಇಪ್ಪತ್ತೆಂಟು ಬಿಡಿ ಹಾಳೆ ಮಾಡಿದ್ದೇನೆ. ಪಾಠದ ಸಂಖ್ಯೆಗಳ ಮೇಲೂ ಹೆಸರುಗಳ ಮೇಲೂ ಕಾಗದ ಅಂಟಿಸಿ, ಇಸ್ಪೀಟು ಕಲಸಿದ ಹಾಗೆ ಕಲಸಿದ್ದೇನೆ. ವರಸೆಗೆ ನೀವೇ ತರಬೇಕು.

ಇದು ಕುಚೇಷ್ಟೆಯಲ್ಲ, ನಾನು ಕಲಿತದ್ದೇ ಹೀಗೆ. ಹನ್ನೊಂದನೆಯ ವಯಸ್ಸಿಗೆ ಹೊನ್ನಾಳಿಯ ಒಂದು ಅಚ್ಚುಕೂಟಕ್ಕೆ ಫಾರಂ ಮಡಿಸಲು ಸೇರಿದೆ. ಅಲ್ಲಿ ಒಂದು ಪುಸ್ತಕ ಒಂದೇ ಸಲಕ್ಕೆ ಅಚ್ಚಾಗುತ್ತಿರಲಿಲ್ಲ. ಈ ವಾರ ಒಂದು ಫಾರಂ, ಮುಂದಿನ ವಾರ ಇನ್ನೊಂದು. ಮಡಿಸುತ್ತಾ ಓದುತ್ತಿದ್ದೆ, ಸರಿಯಾದ ಜಾಗದಲ್ಲಿ ನಿಂತುಹೋಗುತ್ತಿತ್ತು. ವಾರವಿಡೀ ಮುಂದೇನು ಮುಂದೇನು ಎಂದು ಯೋಚನೆ. ಕೆಲವು ಫಾರಂ ಬೇರೆ ಕಡೆ ಅಚ್ಚಾಗಿ ನನ್ನ ಕೈಗೆ ಬರುತ್ತಲೇ ಇರಲಿಲ್ಲ. ಅವನ್ನು ನಾನೇ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದೆ. ನಾಲ್ಕರ ಮುಂದೆ ಶಾಲೆಗೆ ಹೋಗದವನಿಗೆ ಇವತ್ತಿಗೂ ಅಷ್ಟಿಷ್ಟು ನೆನಪಿದೆ ಅಂದರೆ ಅದಕ್ಕೆ ಕಾರಣ ಇಷ್ಟೇ, ಯಾವುದೂ ನನಗೆ ಜೋಡಿಸಿದ ಸ್ಥಿತಿಯಲ್ಲಿ ಸಿಗಲಿಲ್ಲ.

ನಿಮಗೆ ಉರು ಹೊಡೆಯುವ ಶಕ್ತಿ ಜಾಸ್ತಿ. ನೆಟ್ಟಗೆ ಹೊಲಿದುಕೊಟ್ಟರೆ ಮತ್ತೆ ಅದೇ ದಾರಿ ಹಿಡಿಯುತ್ತೀರಿ. ಬಿಡಿ ಹಾಳೆಯನ್ನು ಉರು ಹೊಡೆಯಲು ಬರುವುದಿಲ್ಲ, ಅರ್ಥವಾಗದ ಹೊರತು ಮುಂದಿನದು ಯಾವುದೆಂದು ಸಿಗುವುದಿಲ್ಲ. ಜೋಡಿಸಿ ಕಳಿಸಿರಿ. ನೀವು ಜೋಡಿಸಿದ ಮೇಲೆಯೇ ಹೊಲಿಗೆ.

ಸರಿಯಾದ ಪುಸ್ತಕವೇ ಬೇಕು ಎಂದರೆ ಒಂದು ಕಾರ್ಡು ಹಾಕಿರಿ, ಹೊಸದು ಕೊಂಡು ಕಳಿಸುತ್ತೇನೆ. ಒಂದು ಸಲ ನಿಮ್ಮ ವರ್ಷ ಹಾಳುಮಾಡಿದವನ ಮಾತು ಕೇಳಬೇಕೆಂಬ ಬಲವಂತ ಇಲ್ಲ.

ಕಲ್ಲೇಶಪ್ಪ


ಜಗಳೂರು
12-2-1978

ಕಲ್ಲೇಶಣ್ಣನವರಿಗೆ ನಮಸ್ಕಾರಗಳು.

ಗಂಟು ಬಿಚ್ಚಿದ ದಿನ ನೀವು ಹೇಳಿದಂತೆ ಬೈದೆ. ಓಬಣ್ಣ, “ಅಕ್ಕಾ, ಈ ಮನುಷ್ಯಂಗೆ ತಲೆ ನೆಟ್ಟಗೈತೇನು, ಹೊಸದೇ ಕೊಳ್ಳಾನ ಬಿಡು” ಅಂದ. ಕಾರ್ಡು ಬರೆಯಲು ಕೂತವಳು ಮೇಲಿನ ಒಂದು ಹಾಳೆ ನೋಡಿದೆ. ‘ಇದರಿಂದ ಉಂಟಾಗುವ ಶಾಖವು’ ಎಂದು ನಿಂತಿತ್ತು. ಯಾವುದರಿಂದ ಎಂದು ಹುಡುಕಲು ಹೊರಟೆ. ಕಾರ್ಡು ಅಲ್ಲೇ ಉಳಿಯಿತು.

ಮಧ್ಯಾಹ್ನ ವಾರ್ಡಿನಲ್ಲಿ ಗಲಾಟೆ ಇರುವುದಿಲ್ಲ. ನೆಲ ಒರೆಸಿದ ಮೇಲೆ ಹಾಳೆ ಹರಡಿ ಕೂರುತ್ತಿದ್ದೆ. ಬಾಣಂತಿಯರು ಮಂಚದಿಂದ ಬಗ್ಗಿ ನೋಡುವರು. ಈ ಸಲ ಹೇಳದೆ ವಿಧಿಯಿರಲಿಲ್ಲ, ಕೇಳಿಯೇ ಕೇಳುತ್ತಿದ್ದರು. ಒಂದು ಹಾಳೆ ಓದಿ ನಮ್ಮ ಮಾತಿನಲ್ಲಿ ಹೇಳುವುದು, ಮುಂದೇನು ಬರಬೇಕು ಎಂದು ಕೇಳುವುದು. ರಕ್ತದ ಪಾಠ ಹೇಳುವಾಗ ಒಬ್ಬಳು, “ಇದು ಹೆಂಗೆ ಅಂದ್ರೆ ನಮ್ಮ ಬಾವಿಗೆ ಏತ ಹಾಕಿದಂಗೆ ಅಲ್ಲೇನ್ರಿ ಅಕ್ಕ? ಕೆಳಗಿಂದ ಎತ್ತಬೇಕಲ್ಲ, ಬಲ ಯಾರು ಹಾಕ್ತಾರೆ?” ಅಂದಳು. ಆ ಬಲ ಹಾಕುವುದು ಯಾವುದೆಂದು ಹುಡುಕಿದಾಗಲೇ ಹೃತ್ಕುಕ್ಷಿಯ ಗೋಡೆ ಯಾಕೆ ದಪ್ಪ ಎಂಬ ಹಾಳೆ ಸಿಕ್ಕಿದ್ದು. ಹೋದ ವರ್ಷ ಆ ಹಾಳೆಯನ್ನು ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದೆ. ಅದರಲ್ಲಿ ಏನಿದೆ ಎಂದು ಈ ವರ್ಷ ಗೊತ್ತಾಯಿತು.

ಡಿಸೆಂಬರ್‌ನಲ್ಲಿ ಎರಡು ವಾರ ವಾರ್ಡು ತುಂಬಿ ಹಾಳೆ ಮುಟ್ಟಲಾಗಲಿಲ್ಲ. ಎಲ್ಲ ಮರೆತಿದ್ದೇನೆ ಎಂದುಕೊಂಡು ಕೂತರೆ, ತಡಕಾಡಿದ್ದೆಲ್ಲ ಸಿಕ್ಕಿತು. ಸಿಸ್ಟರ್ ಉಚ್ಚಂಗಮ್ಮನವರು ಮೊದಮೊದಲು ಕಸ ಎಂದು ಗೊಣಗುತ್ತಿದ್ದರು. ಈಗ ಬರುವಾಗಲೇ “ಎಷ್ಟು ಹಾಳೆ ಕೂತವು ಇವತ್ತು?” ಅನ್ನುತ್ತಾರೆ.

ನೂರ ಇಪ್ಪತ್ತೆಂಟೂ ಜೋಡಿಸಿ ಕಳಿಸಿದ್ದೇನೆ. ಒಂದು ವಿಷಯ ಮೊದಲೇ ಹೇಳಬೇಕು. ಹಳೆಯ ಪುಸ್ತಕದಲ್ಲಿ ರಕ್ತದ ಪಾಠ ಮೊದಲು, ಉಸಿರಾಟದ ಪಾಠ ಆಮೇಲೆ ಇತ್ತು. ಉರು ಹೊಡೆದವಳಿಗೆ ಅದು ಮರೆತಿಲ್ಲ. ಆದರೂ ಬೇಕೆಂದೇ ಉಸಿರನ್ನು ಮೊದಲು ಇಟ್ಟಿದ್ದೇನೆ. ರಕ್ತ ಶ್ವಾಸಕೋಶಕ್ಕೆ ಹೋಗಿ ಶುದ್ಧವಾಗುತ್ತದೆ ಎಂದು ಹೇಳುವ ಮುಂಚೆ ಅಲ್ಲಿ ಏನು ನಡೆಯುತ್ತದೆ ಎಂದು ಓದುವವಳಿಗೆ ಗೊತ್ತಿರಬೇಡವೇ? ಇದು ತಪ್ಪಾಗಿದ್ದರೆ ಯಾಕೆ ತಪ್ಪು ಎಂದು ಬರೆಯಿರಿ. ಸುಮ್ಮನೆ ಪುಸ್ತಕದಲ್ಲಿ ಹಾಗಿಲ್ಲ ಎಂದರೆ ಒಪ್ಪುವುದಿಲ್ಲ.

ಭೀಮಕ್ಕ


ಚನ್ನಗಿರಿ
26-2-1978

ಭೀಮಕ್ಕನವರಿಗೆ,

ಸರಿ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಹಾಳೆ ಹಾಳೆಯಾಗಿ ನೋಡಿದೆ. ಬೇರೆ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿದೆ. ಒಂದು ಹಾಳೆಯೂ ತಪ್ಪಿಲ್ಲ. ನನ್ನ ಕಸುಬಿನ ಮೇಲಾಣೆ, ಸಂಖ್ಯೆ ಇಲ್ಲದೆ ಇಷ್ಟನ್ನು ನಾನೂ ಜೋಡಿಸಲಾರೆ. ವಿದ್ಯುತ್ತಿನ ಪಾಠದಲ್ಲಿ ನಾನು ಎರಡು ಸಲ ಎಡವಿದೆ, ನೀವು ಎಡವಿಲ್ಲ.

ಉಸಿರಿನ ವಿಷಯ. ಎರಡು ದಿನ ಯೋಚಿಸಿದೆ, ಯಾಕೆ ತಪ್ಪು ಎಂದು ಹೇಳಲು ನನ್ನ ಹತ್ತಿರ ಏನೂ ಸಿಗಲಿಲ್ಲ. ಇಲ್ಲಿಯ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಪುಸ್ತಕ ಕಟ್ಟಿಸಲು ಬಂದಿದ್ದರು, ನಿಜವಾದ ಮೇಷ್ಟ್ರು, ಅವರನ್ನು ಕೇಳಿದೆ. ಅವರು ಆ ಎರಡು ಪಾಠ ತಿರುವಿ ನೋಡಿ, “ನಾನು ಪಾಠ ಮಾಡುವಾಗಲೂ ಅಲ್ಲಿ ಹುಡುಗರು ತಡೀತಾರೆ ಕಣ್ರೀ. ಬರೋ ವರ್ಷ ಹಿಂಗೇ ಮಾಡಿ ನೋಡ್ತೀನಿ” ಅಂದರು. ಯಾರು ಹೇಳಿದ್ದು ಎಂದು ಕೇಳಿದರು. ಜಗಳೂರಿನ ಆಯಾ ಒಬ್ಬರು ಎಂದೆ.

ನಿಮ್ಮ ವರಸೆಯಲ್ಲೇ ಹೊಲಿದಿದ್ದೇನೆ. ಬಿಡಿ ಹಾಳೆಯಾದ್ದರಿಂದ ಪಕ್ಕದಲ್ಲಿ ತೂತು ಹಾಕಿ ಹೊಲಿಯಬೇಕಾಯಿತು, ಪೂರ್ತಿ ಅಗಲಕ್ಕೆ ತೆರೆಯುವುದಿಲ್ಲ, ಸುಧಾರಿಸಿಕೊಳ್ಳಿ. ನಲವತ್ತು ವರ್ಷದಿಂದ ಪುಸ್ತಕ ಕಟ್ಟುತ್ತಿದ್ದೇನೆ. ಓದಿದವರು ಹೇಳಿದ ವರಸೆಗೆ ಕಟ್ಟಿದ್ದು ಇದೊಂದೇ. ನನಗೆ ನಿಮ್ಮ ಮೇಲೆ ಎಷ್ಟು ಗೌರವ ಬಂದಿದೆ ಎಂದು ಬರೆಯಲು ನಾಲ್ಕನೇ ಕ್ಲಾಸಿನ ಕನ್ನಡ ಸಾಲದು.

ಕಲ್ಲೇಶಪ್ಪ


ಜಗಳೂರು
20-7-1978

ಕಲ್ಲೇಶಣ್ಣನವರಿಗೂ ಶಂಕ್ರಮ್ಮಕ್ಕನವರಿಗೂ ಭೀಮಕ್ಕನ ನಮಸ್ಕಾರಗಳು.

ವಿಜ್ಞಾನದಲ್ಲಿ ಅರವತ್ತೊಂದು ಬಂತು ಎಂದು ಜೂನಿನಲ್ಲಿ ಕಾರ್ಡು ಹಾಕಿದ್ದೆ. ಇವತ್ತು ಅದಕ್ಕಿಂತ ದೊಡ್ಡ ಸುದ್ದಿ, ಆದರೆ ನಡೆದ ಹಾಗೆಯೇ ಹೇಳುತ್ತೇನೆ.

ಹೋದ ವಾರ ಚಿತ್ರದುರ್ಗದಲ್ಲಿ ತರಬೇತಿಯ ಸಂದರ್ಶನ ಇತ್ತು. ಬಂದವರೆಲ್ಲ ಹದಿನೆಂಟು ಇಪ್ಪತ್ತರ ಹುಡುಗಿಯರು. ನನ್ನನ್ನು ನೋಡಿ ಒಬ್ಬಳು ಯಾರ ತಾಯಿ ಎಂದು ಕೇಳಿದಳು. ಒಳಗೆ ಮೂವರು ಸಾಹೇಬರು. ನಡುವೆ ಕೂತ ಡಾಕ್ಟರು ನನ್ನ ಅರ್ಜಿ ನೋಡಿ, “ಮೂವತ್ತಕ್ಕೆ ಹದಿನೆಂಟು ದಿನ ಬಾಕಿ ಇದೆ. ಈ ವಯಸ್ಸಿಗೆ ಓದಿದ್ದು ತಲೆಯಲ್ಲಿ ನಿಲ್ಲುತ್ತಾ?” ಅಂದರು. ರಕ್ತ ಪರಿಚಲನೆ ಹೇಳು ಅಂದರು. ಉಸಿರಿನಿಂದ ಶುರುಮಾಡಿ ಹೇಳಿದೆ. ಅವರು ತಲೆ ಎತ್ತಿ ನೋಡಿದರು. ಆಮೇಲೆ ಕೇಳಿದ್ದು ಪುಸ್ತಕದಲ್ಲಿ ಇಲ್ಲದ್ದು. “ಹೊಟ್ಟೆಯೊಳಗಿನ ಕೂಸು ಉಸಿರಾಡೋದಿಲ್ಲ. ಹಾಗಾದರೆ ಅದರ ರಕ್ತ ಶುದ್ಧವಾಗೋದು ಎಲ್ಲಿ?”

ಅಣ್ಣಾ, ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬಾಯಿಗೆ ಬಂದಿತ್ತು. ಆಗ ಮನಸ್ಸಿನಲ್ಲೇ ಹಾಳೆ ಹರಡಿಕೊಂಡೆ, ಇದಕ್ಕೆ ಹಿಂದಿನದು ಯಾವುದು, ಮುಂದಿನದು ಯಾವುದು ಎಂದು. ನಮ್ಮ ಮಾತಿನಲ್ಲೇ ಹೇಳಿಬಿಟ್ಟೆ. “ಹೊಕ್ಕುಳ ಬಳ್ಳೀನ ಕೈಯಾಗೆ ಹಿಡಿದು ನೋಡೀನಿ ಸಾರ್. ಅದು ಮಿಡೀತಿರ್ತೈತೆ. ಕೂಸು ಅತ್ತು ಸ್ವಲ್ಪ ಹೊತ್ತಿಗೆ ಮಿಡಿಯೋದು ನಿಂತು ಹೋಗ್ತೈತೆ. ಉಸಿರು ಸುರುವಾದ ಮೇಲೆ ಬಳ್ಳಿ ಕೆಲಸ ಮುಗೀತು ಅಂದ್ರೆ, ಅಲ್ಲೀತನಕ ಉಸಿರಿನ ಕೆಲಸ ಬಳ್ಳೀನೇ ಮಾಡ್ತಿತ್ತು ಅಂತ ಆಯ್ತು. ತಾಯಿ ಇಬ್ಬರಿಗೂ ಉಸಿರಾಡ್ತಿರ್ತಾಳೆ.”

“ಇದನ್ನು ಯಾವ ಪುಸ್ತಕದಲ್ಲಿ ಓದಿದೆ?” ಎಂದು ಡಾಕ್ಟರು ಕೇಳಿದರು.

“ಓದಿಲ್ಲ ಸಾರ್. ಆದ್ರೆ ಅಂಥ ಹಾಳೆ ಇದ್ದಿದ್ರೆ ಎಲ್ಲಿ ಇರಬೇಕಾಗಿತ್ತು ಅಂತ ಗೊತ್ತೈತೆ” ಅಂದೆ.

ಅವರು ಪೆನ್ನು ಕೆಳಗಿಟ್ಟರು. ಪಾಠ ಹೇಳಿದವರು ಯಾರು ಎಂದರು. ಚನ್ನಗಿರಿಯಲ್ಲಿ ಪುಸ್ತಕ ಹೊಲಿಯುವ ಕಲ್ಲೇಶಪ್ಪನವರು ಎಂದೆ. ಅವರು ಎಷ್ಟು ಓದಿದ್ದಾರೆ ಎಂದರು. ನಾಲ್ಕನೇ ಕ್ಲಾಸು ಎಂದೆ. ಯಾರೂ ನಗಲಿಲ್ಲ.

ನಿನ್ನೆ ಪಟ್ಟಿ ಬಂತು. ನನ್ನ ಹೆಸರು ಮೂರನೆಯದು. ನಮ್ಮ ಆಸ್ಪತ್ರೆಯ ಡಾಕ್ಟರು ತಾವೇ ವಾರ್ಡಿಗೆ ಬಂದು ಓದಿ ಹೇಳಿದರು. ಸಿಸ್ಟರ್ ಉಚ್ಚಂಗಮ್ಮನವರು ಅತ್ತರು, ನಾನೂ ಅತ್ತೆ. ಸೋಮವಾರ ಹೊರಡುತ್ತೇನೆ.

ಭೀಮಕ್ಕ


ಚನ್ನಗಿರಿ
27-7-1978

ಭೀಮಕ್ಕನವರಿಗೆ,

ಕಾಗದ ಬಂದಾಗ ಅಂಗಡಿಯಲ್ಲಿ ಜನ ಇದ್ದರು. ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿದೆ. ಸಾಹೇಬರ ಮುಂದೆ ನೀವು ನನ್ನ ಹೆಸರು ಹೇಳಿದ ಕಡೆ ನಿಂತುಬಿಟ್ಟೆ, ಶಂಕ್ರಮ್ಮ ಕಾಗದ ಕಸಿದುಕೊಂಡು ಅಲ್ಲಿಂದ ಮುಂದಕ್ಕೆ ಓದಿದಳು. ಅವಳಿಗೆ ಇಷ್ಟು ಚೆನ್ನಾಗಿ ಓದಲು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ, ನೋಡಿ.

ನಿಮ್ಮ ಉತ್ತರ ಕೇಳಿದಾಗಿನಿಂದ ನನಗೆ ಕೆಲಸದಲ್ಲಿ ಮನಸ್ಸಿಲ್ಲ. ಒಂದು ಪ್ರಶ್ನೆ ಹತ್ತಿಕೊಂಡಿದೆ. ತಾಯಿ ಇಬ್ಬರಿಗೂ ಉಸಿರಾಡುತ್ತಾಳೆ, ಒಪ್ಪಿದೆ. ಹಾಗಾದರೆ ತಾಯಿಯ ರಕ್ತವೂ ಕೂಸಿನ ರಕ್ತವೂ ಬಳ್ಳಿಯಲ್ಲಿ ಬೆರೆಯುತ್ತವೆಯೋ, ಬೆರೆಯದೆ ಪಕ್ಕಪಕ್ಕದಲ್ಲಿ ಹರಿಯುತ್ತವೆಯೋ? ಬೆರೆಯುವುದಿಲ್ಲ ಎಂದು ನನ್ನ ಊಹೆ. ಶಂಕ್ರಮ್ಮ ಬೆರೆಯದೆ ಹೇಗೆ ಅನ್ನುತ್ತಾಳೆ. ಮೂರು ದಿನದಿಂದ ಮನೆಯಲ್ಲಿ ಇದೇ ಜಗಳ. ನನ್ನ ಕೈಗೆ ಬಂದ ಯಾವ ಫಾರಂನಲ್ಲೂ ಇದು ಇರಲಿಲ್ಲ. ನೀವು ತರಬೇತಿಗೆ ಹೋದ ಕಡೆ ದೊಡ್ಡ ಪುಸ್ತಕಗಳು ಇರುತ್ತವೆ. ನಿಮಗೆ ತಿಳಿದ ದಿನ ನಮಗೂ ಕಲಿಸಿ.

ನಿಮ್ಮ
ಕಲ್ಲೇಶಪ್ಪ